ಕಂತು ಬಿಡಿಸಿದರೂ ಚಿತ್ರ ಕೆಡದಂತೆ

ಕರ್ನಾಟಕದ ಗಡಿಗೆ ಹೊಂದಿಕೊಂಡ ತೆಲಂಗಾಣದ ಜಹೀರಾಬಾದ್, ನಾರಾಯಣಖೇಡ್, ತಾಂಡೂರು, ಬೊಮ್ರಾಸಪೇಟ್ ಕಡೆಯ ಕನ್ನಡ ಮನೆಗಳಲ್ಲಿ ಟಿ.ವಿ. ಕೆಳಗಿನ ಖಾನೆ ತೆರೆದರೆ ಡಿವಿಡಿಗಳ ಕಟ್ಟೊಂದು ಇನ್ನೂ ಸಿಗಬಹುದು. ಶಂಕರ್‌ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’, ರಾಮಾನಂದ ಸಾಗರರ ‘ರಾಮಾಯಣ’ದ ಪೆಟ್ಟಿಗೆ, ಶ್ರಾವಣದಲ್ಲಿ ಮಠದೊಳಗೆ ದಿನಕ್ಕೊಂದು ಅಧ್ಯಾಯದಂತೆ ನಡೆದ ಪುರಾಣ, ರಾತ್ರಿಯಿಡೀ ಆಡಿದ ದೊಡ್ಡಾಟ, ಮೂರು ಡಿಸ್ಕಿಗೆ ಹರಡಿದ ಮದುವೆ. ಇವೆಲ್ಲವೂ ಕಂತುಗಳಲ್ಲಿ ಇರುವಂಥವು. ಒಂದು ಡಿಸ್ಕಿನಲ್ಲಿ ನಾಲ್ಕೋ ಐದೋ ಭಾಗ, ಮುಂದಿನದು ಮುಂದಿನ ಡಿಸ್ಕಿನಲ್ಲಿ. ಈಗಿನ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ, ಟಿ.ವಿ.ಗೆ ಪೆನ್‌ಡ್ರೈವ್ ಸಾಕು. ಹಾಗಾಗಿ ಕಂತುಗಳನ್ನು ಬಿಡಿಬಿಡಿಯಾಗಿ ತೆಗೆದು ಬೇರೆ ಕಡೆ ಇಟ್ಟುಕೊಳ್ಳುವ ಆಸೆ ಸಹಜ. ಅಲ್ಲಿಯೇ ಬಹಳ ಮಂದಿ ಚಿತ್ರ ಕೆಡಿಸಿಕೊಳ್ಳುತ್ತಾರೆ. ಅಂಗಡಿಯಲ್ಲಿ ‘ಎಂಪಿ4 ಮಾಡಿಸಿ’ ತಂದ ಕಡತದಲ್ಲಿ ಮುಖಗಳು ಮೇಣ ಬಳಿದಂತೆ ನುಣುಪಾಗಿರುತ್ತವೆ, ಕತ್ತಲ ದೃಶ್ಯಗಳಲ್ಲಿ ಚೌಕಚೌಕ ಕಲೆ ಏಳುತ್ತದೆ. ಈ ನಷ್ಟ ಪೂರ್ತಿ ಅನಗತ್ಯ. ಡಿವಿಡಿಯ ಕಂತುಗಳನ್ನು ಒಂದು ಚುಕ್ಕೆಯೂ ಬದಲಾಗದಂತೆ ಬೇರ್ಪಡಿಸಬಹುದು. ಅದಕ್ಕೆ ಡಿಸ್ಕಿನ ಒಳಗೆ ಏನಿದೆಯೆಂದು ಸ್ವಲ್ಪ ತಿಳಿದಿರಬೇಕು, ಅಷ್ಟೇ.

ಡಿವಿಡಿಯಲ್ಲಿರುವ ಚಿತ್ರ ಈಗಾಗಲೇ ಒಮ್ಮೆ ಗಟ್ಟಿಯಾಗಿ ಒತ್ತಿಟ್ಟದ್ದು. ಭಾರತದ ಟಿ.ವಿ. ಬಳಸುತ್ತಿದ್ದ ಪಾಲ್ ಪದ್ಧತಿಯಲ್ಲಿ ಒಂದು ಫ್ರೇಮಿನ ಅಗಲ 720 ಚುಕ್ಕೆ, ಎತ್ತರ 576; ಸೆಕೆಂಡಿಗೆ 25 ಫ್ರೇಮು. ಇದನ್ನು ಒತ್ತದೆ ಹಾಗೇ ಬರೆದರೆ ಸೆಕೆಂಡಿಗೆ ಸುಮಾರು 124 ಮೆಗಾಬಿಟ್ ಬೇಕು. 4.7 ಗಿಗಾಬೈಟ್‌ನ ಒಂದು ಪದರದ ಡಿಸ್ಕಿನಲ್ಲಿ ಆಗ ಐದು ನಿಮಿಷದಷ್ಟು ಚಿತ್ರವೂ ಕಷ್ಟದಿಂದ ಹಿಡಿಸೀತು. ಆದ್ದರಿಂದ ಎಂಪೆಗ್-2 ಎಂಬ ವಿಧಾನದಲ್ಲಿ ಅದನ್ನು ಕುಗ್ಗಿಸುತ್ತಾರೆ. ಡಿವಿಡಿಯಲ್ಲಿ ಚಿತ್ರಕ್ಕೆ ಸೆಕೆಂಡಿಗೆ ಹೆಚ್ಚೆಂದರೆ 9.8 ಮೆಗಾಬಿಟ್ ಮಾತ್ರ. ಧಾರಾವಾಹಿಗಳ ಡಿಸ್ಕಿನಲ್ಲಿ ಐದಾರು ಮೆಗಾಬಿಟ್ ಸಾಮಾನ್ಯ. ಅಂದರೆ ಮೂಲದ ಇಪ್ಪತ್ತನೇ ಒಂದು ಭಾಗದಷ್ಟು ಮಾಹಿತಿಯಿಂದ ಪರದೆ ತುಂಬುತ್ತಿದೆ. ಇದನ್ನು ಬಿಚ್ಚಿ ಇನ್ನೊಂದು ವಿಧಾನದಲ್ಲಿ ಮತ್ತೆ ಒತ್ತಿದರೆ ಮೊದಲ ಒತ್ತಿನ ಕಲೆಗಳನ್ನೂ ಚಿತ್ರವೆಂದೇ ತಿಳಿದು ಎರಡನೇ ಯಂತ್ರ ಕೆಲಸ ಮಾಡುತ್ತದೆ. ಹೋದ ವಿವರ ಮತ್ತೆ ಬರುವುದಿಲ್ಲ, ಉಳಿದದ್ದರಲ್ಲಿ ಇನ್ನಷ್ಟು ಹೋಗುತ್ತದೆ.

ಹಾಗಾದರೆ ಕತ್ತರಿಸುವುದು ಹೇಗೆ?

ಎಂಪೆಗ್-2ರಲ್ಲಿ ಎಲ್ಲ ಫ್ರೇಮುಗಳೂ ಸ್ವತಂತ್ರವಲ್ಲ. ಒಂದು ಪೂರ್ಣ ಫ್ರೇಮು ಬರುತ್ತದೆ, ಅದರ ಹಿಂದೆ ಹನ್ನೊಂದೋ ಹದಿನಾಲ್ಕೋ ಫ್ರೇಮುಗಳು ‘ಮೊದಲಿನದಕ್ಕಿಂತ ಇಷ್ಟು ಬದಲಾಗಿದೆ’ ಎಂದಷ್ಟೇ ಹೇಳುತ್ತವೆ. ಪಾಲ್ ಡಿಸ್ಕಿನಲ್ಲಿ ಈ ಗುಂಪು ಅರ್ಧ ಸೆಕೆಂಡಿನ ಆಸುಪಾಸಿನದು. ಗುಂಪಿನ ನಡುವೆ ಕತ್ತರಿ ಹಾಕಿದರೆ ಮುಂದಿನ ತುಣುಕಿನ ಮೊದಲ ಫ್ರೇಮುಗಳಿಗೆ ಆಧಾರವೇ ತಪ್ಪುತ್ತದೆ. ಪರದೆಯಲ್ಲಿ ಬೂದು ಚೌಕಗಳು ಓಡಾಡುತ್ತವೆ. ಗುಂಪಿನ ಅಂಚಿನಲ್ಲಿ ಕತ್ತರಿಸಿದರೆ ಯಾವುದನ್ನೂ ಮತ್ತೆ ಒತ್ತಬೇಕಾಗಿಲ್ಲ. ತಾಂಡೂರಿನ ಕ್ವಾರಿಗಳಲ್ಲಿ ಹಾಸುಗಲ್ಲನ್ನು ಎಲ್ಲೆಂದರಲ್ಲಿ ಒಡೆಯುವುದಿಲ್ಲ, ಪದರ ಕೂಡಿದ ಜಾಗಕ್ಕೆ ಉಳಿ ಇಟ್ಟು ಎಬ್ಬಿಸುತ್ತಾರೆ, ಆಗ ಕಲ್ಲು ತಾನಾಗಿ ಸಪಾಟಾಗಿ ಬಿಡಿಸಿಕೊಳ್ಳುತ್ತದೆ. ಡಿವಿಡಿಯ ಕತ್ತರಿಯೂ ಹಾಗೆಯೇ ಇರಬೇಕು. ಒಳ್ಳೆಯ ಸುದ್ದಿಯೆಂದರೆ ಡಿಸ್ಕ್ ತಯಾರಿಸಿದವರು ಅಧ್ಯಾಯ ಎಂದು ಗುರುತು ಹಾಕಿದ ಪ್ರತಿ ಜಾಗವೂ ಇಂಥ ಪೂರ್ಣ ಫ್ರೇಮಿನಿಂದಲೇ ಶುರುವಾಗುತ್ತದೆ. ಕಂತು ಎಲ್ಲಿ ಆರಂಭವೋ ಅಲ್ಲಿ ಅಧ್ಯಾಯವಿರುವುದು ಹೆಚ್ಚುಕಡಿಮೆ ಖಚಿತ. ಅಂದಮೇಲೆ ಸೀಳಬೇಕಾದ ಪದರ ಡಿಸ್ಕಿನಲ್ಲಿ ಮೊದಲೇ ಸಿದ್ಧವಿದೆ.

ಕಂಪ್ಯೂಟರಿನಲ್ಲಿ ಡಿಸ್ಕ್ ತೆರೆದವರು ಮೊದಲು ಮೋಸಹೋಗುವುದು ವಿಒಬಿ ಕಡತಗಳನ್ನು ನೋಡಿ. ಒಂದು, ಎರಡು, ಮೂರು, ನಾಲ್ಕು ಎಂದು ಸಂಖ್ಯೆ ಹೊತ್ತ ಕಡತಗಳು ಸಾಲಾಗಿರುತ್ತವೆ; ನಾಲ್ಕು ಕಂತಿಗೆ ನಾಲ್ಕು ಕಡತ ಎಂದು ಭಾಸವಾಗುತ್ತದೆ. ಅದು ಸುಳ್ಳು. ಒಂದು ವಿಒಬಿ ಕಡತ 1 ಗಿಗಾಬೈಟ್ ದಾಟಬಾರದೆಂಬ ನಿಯಮದಿಂದಾಗಿ ಅಳತೆ ನೋಡಿ ತುಂಡು ಮಾಡಿರುತ್ತಾರೆಯೇ ಹೊರತು ಕಥೆ ನೋಡಿ ಅಲ್ಲ. ಎರಡನೇ ಕಡತ ಒಂದು ಸಂಭಾಷಣೆಯ ನಟ್ಟನಡುವೆ ಶುರುವಾಗಬಹುದು. ಅವನ್ನೇ ಒಂದೊಂದಾಗಿ ಪೆನ್‌ಡ್ರೈವಿಗೆ ಎಳೆದು ಹಾಕಿ, ಹೆಸರು ಬದಲಿಸಿ ‘ಕಂತು 1, ಕಂತು 2’ ಎಂದು ಇಟ್ಟುಕೊಂಡವರ ಪೆನ್‌ಡ್ರೈವಿನಲ್ಲಿ ‘ಮಾಲ್ಗುಡಿ ಡೇಸ್’ನ ಸ್ವಾಮಿಯ ಮಾತು ಅರ್ಧಕ್ಕೆ ನಿಲ್ಲುತ್ತದೆ. ಯಾವ ಕಂತು ಎಲ್ಲಿಂದ ಎಲ್ಲಿಯವರೆಗೆ ಎಂಬ ನಕ್ಷೆ ಇರುವುದು ಪಕ್ಕದ ಐಎಫ್‌ಒ ಎಂಬ ಪುಟ್ಟ ಕಡತಗಳಲ್ಲಿ. ಅದಕ್ಕೊಂದು ನಕಲು ಬಿಯುಪಿ ಎಂಬ ಹೆಸರಿನಲ್ಲಿ ಇರುತ್ತದೆ. ಆ ನಕ್ಷೆಯನ್ನು ಓದಬಲ್ಲ ತಂತ್ರಾಂಶದಿಂದಲೇ ಕಂತು ಬಿಡಿಸಬೇಕು.

ಕೆಲಸದ ಕ್ರಮ ಸರಳ. ಮೊದಲು ಇಡೀ ಡಿಸ್ಕನ್ನು ಐಎಸ್‌ಒ ಎಂಬ ಒಂದೇ ಕಡತವಾಗಿ ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳುವುದು. ಇದರಲ್ಲಿ ಮೆನು, ಉಪಶೀರ್ಷಿಕೆ, ಹೆಚ್ಚುವರಿ ದೃಶ್ಯ ಎಲ್ಲವೂ ಇದ್ದ ಹಾಗೇ ಬರುತ್ತವೆ. ಕಂತು ಬಿಡಿಸುವ ಪ್ರಯೋಗವೆಲ್ಲ ಆಮೇಲೆ, ಆ ನಕಲಿನ ಮೇಲೆ. ಮೇಕ್‌ಎಂಕೆವಿ ಎಂಬ ತಂತ್ರಾಂಶ ಡಿಸ್ಕಿನ ನಕ್ಷೆಯಲ್ಲಿ ‘ಶೀರ್ಷಿಕೆ’ ಎಂದು ಗುರುತಿಸಿದ ಪ್ರತಿ ಭಾಗವನ್ನೂ ಬೇರೆಬೇರೆ ಎಂಕೆವಿ ಕಡತವಾಗಿ ತೆಗೆಯುತ್ತದೆ, ಚಿತ್ರವನ್ನು ಮತ್ತೆ ಒತ್ತುವುದಿಲ್ಲ. ಎಲ್ಲ ಕಂತುಗಳೂ ಒಂದೇ ಉದ್ದನೆಯ ಶೀರ್ಷಿಕೆಯಾಗಿದ್ದರೆ ಎಂಕೆವಿಟೂಲ್‌ನಿಕ್ಸ್ ಅದನ್ನು ಅಧ್ಯಾಯಗಳ ಗುರುತಿನಲ್ಲಿ ಸೀಳುತ್ತದೆ. ಆಜ್ಞೆ ಟೈಪಿಸಿ ಕೆಲಸ ಮಾಡುವವರಿಗೆ ಎಫ್‌ಎಫ್‌ಎಂಪೆಗ್ ಇದೆ. 2024ರಲ್ಲಿ ಬಂದ ಅದರ 7.0 ಆವೃತ್ತಿಯಿಂದ ಡಿವಿಡಿಯ ನಕ್ಷೆಯನ್ನು ಅದೂ ನೇರವಾಗಿ ಓದುತ್ತದೆ. ಜನಪ್ರಿಯವಾದ ಹ್ಯಾಂಡ್‌ಬ್ರೇಕ್ ಮಾತ್ರ ಈ ಕೆಲಸಕ್ಕೆ ಸಲ್ಲದು. ಅದು ಒಳ್ಳೆಯ ಸಾಧನವೇ, ಆದರೆ ಚಿತ್ರವನ್ನು ಪ್ರತಿ ಸಲವೂ ಹೊಸದಾಗಿ ಒತ್ತುತ್ತದೆ. ಫೋನಿನಲ್ಲಿ ನೋಡಲು ಚಿಕ್ಕ ಪ್ರತಿ ಬೇಕಾದರೆ ಅದರಿಂದ ಮಾಡಿಕೊಳ್ಳಬಹುದು. ಕಾಪಿಡುವ ಪ್ರತಿ ಅದಾಗಬಾರದು.

ನಿಜವಾಗಿ ನಕಲಾಯಿತೋ, ಮತ್ತೆ ಒತ್ತಲ್ಪಟ್ಟಿತೋ ಎಂದು ಗೊತ್ತುಮಾಡಿಕೊಳ್ಳಲು ದೊಡ್ಡ ವಿದ್ಯೆ ಬೇಡ. ಹಾಗೇ ನಕಲಾಗುವುದಾದರೆ ಡಿಸ್ಕ್ ಓದುವಷ್ಟೇ ಹೊತ್ತು ಹಿಡಿಯುತ್ತದೆ. ಕಂಪ್ಯೂಟರಿನ ಫ್ಯಾನು ಜೋರಾಗಿ ಸದ್ದು ಮಾಡುತ್ತ ಒಂದು ಕಂತಿಗೆ ಅರ್ಧ ಗಂಟೆ ಹಿಡಿದರೆ ಒಳಗೆ ಬೇರೆಯೇ ಕೆಲಸ ನಡೆದಿದೆ. ಕಡತ ಸಿಕ್ಕಮೇಲೆ ವಿಎಲ್‌ಸಿ ಅಥವಾ ಮೀಡಿಯಾಇನ್ಫೊದಲ್ಲಿ ವಿವರ ನೋಡಬಹುದು: ಎಂಪೆಗ್-2, 720, 576, ಸೆಕೆಂಡಿಗೆ 25 ಎಂದಿದ್ದರೆ ಕ್ಷೇಮ. ಎಚ್.264 ಎಂದೋ 1280 ಎಂದೋ ಕಂಡರೆ ಯಾರೋ ಮಧ್ಯೆ ಕೈ ಹಾಕಿದ್ದಾರೆ. 576 ಸಾಲಿನ ಚಿತ್ರವನ್ನು 1080ಕ್ಕೆ ಹಿಗ್ಗಿಸಿ ‘ಎಚ್‌ಡಿ’ ಎಂದು ಕೊಡುವವರೂ ಇದ್ದಾರೆ. ಅದರಲ್ಲಿ ಕಡತದ ಗಾತ್ರ ಬೆಳೆದಿದೆಯೇ ವಿನಾ ‘ಮಾಲ್ಗುಡಿ ಡೇಸ್’ನಲ್ಲಿ ಕಾಣುವ ಆಗುಂಬೆಯ ಬೀದಿಯಲ್ಲಿ ಒಂದು ಹೆಂಚೂ ಹೆಚ್ಚು ಕಾಣುವುದಿಲ್ಲ.

ಮೇಕ್‌ಎಂಕೆವಿ ಡಿಸ್ಕ್ ಓದಿದ ಮೇಲೆ ಕೆಲವೊಮ್ಮೆ ವಿಚಿತ್ರವಾದ ಪಟ್ಟಿ ಬರುತ್ತದೆ. ಇಪ್ಪತ್ತಮೂರು ನಿಮಿಷದ ನಾಲ್ಕು ಶೀರ್ಷಿಕೆ, ಜತೆಗೆ ತೊಂಬತ್ತೆರಡು ನಿಮಿಷದ ಐದನೆಯದು. ಆ ಐದನೆಯದು ಮೆನುವಿನ ‘ಎಲ್ಲವನ್ನೂ ನೋಡಿ’ ಎಂಬ ಆಯ್ಕೆ. ಡಿಸ್ಕಿನ ಮೇಲೆ ಅದಕ್ಕೆ ಬೇರೆ ಜಾಗವಿಲ್ಲ, ಅದೇ ನಾಲ್ಕು ತುಣುಕುಗಳನ್ನು ಸಾಲಾಗಿ ತೋರಿಸುವ ಇನ್ನೊಂದು ನಕ್ಷೆಯಷ್ಟೇ. ಗೊತ್ತಿಲ್ಲದೆ ಎಲ್ಲವನ್ನೂ ಟಿಕ್ ಮಾಡಿದರೆ ಹಾರ್ಡ್‌ಡಿಸ್ಕಿನಲ್ಲಿ ಒಂದೇ ಸರಕು ಎರಡು ಸಲ ತುಂಬುತ್ತದೆ.

ಹಳೆಯ ಡಿಸ್ಕಿನಿಂದ ಹೊಸ ಡಿಸ್ಕಿಗೇ ಇಳಿಸಿಕೊಳ್ಳಬೇಕೆನ್ನುವವರಿಗೆ ಇದೇ ತತ್ವ ಬೇರೊಂದು ರೀತಿಯಲ್ಲಿ ಅನ್ವಯಿಸುತ್ತದೆ. ಮಾರುಕಟ್ಟೆಯ ಧಾರಾವಾಹಿ ಡಿಸ್ಕುಗಳಲ್ಲಿ ಎರಡು ಪದರದವು ಸಾಕಷ್ಟಿವೆ, 8.5 ಗಿಗಾಬೈಟ್ ಹಿಡಿಸುವಂಥವು. ಅಂಗಡಿಯಲ್ಲಿ ಸಿಗುವ ಖಾಲಿ ಡಿಸ್ಕು ಸಾಮಾನ್ಯವಾಗಿ 4.7ರದು. 24 ನಿಮಿಷದ ಎಂಟು ಕಂತು, ಸೆಕೆಂಡಿಗೆ 5.5 ಮೆಗಾಬಿಟ್ ಎಂದರೆ ಸುಮಾರು 7.9 ಗಿಗಾಬೈಟ್. ಹಿಂದೆ ಎಲ್ಲರೂ ಬಳಸುತ್ತಿದ್ದ ಡಿವಿಡಿ ಶ್ರಿಂಕ್ ಅದನ್ನು ಒಂದೇ ಖಾಲಿ ಡಿಸ್ಕಿಗೆ ತುರುಕಲು ಚಿತ್ರದ ಮಾಹಿತಿಯನ್ನು ಶೇಕಡಾ 60ಕ್ಕಿಂತ ಕೆಳಗೆ ಇಳಿಸುತ್ತಿತ್ತು. ಅದೇ ತಂತ್ರಾಂಶದಲ್ಲಿ ಡಿಸ್ಕನ್ನು ಹೊಸದಾಗಿ ಜೋಡಿಸುವ ಆಯ್ಕೆಯೂ ಇತ್ತು: ಮೊದಲ ನಾಲ್ಕು ಕಂತು ಒಂದರಲ್ಲಿ, ಉಳಿದ ನಾಲ್ಕು ಇನ್ನೊಂದರಲ್ಲಿ, ಒತ್ತುವಿಕೆ ಸೊನ್ನೆ. ಪ್ರತಿ ಡಿಸ್ಕಿಗೆ ನಾಲ್ಕು ಗಿಗಾಬೈಟಿನ ಆಸುಪಾಸು, ಸಲೀಸಾಗಿ ಕೂರುತ್ತದೆ. ಸಿನಿಮಾವನ್ನು ಹೀಗೆ ಇಬ್ಭಾಗ ಮಾಡಿದರೆ ನಡುವೆ ಎದ್ದು ಡಿಸ್ಕ್ ಬದಲಿಸಬೇಕು. ಧಾರಾವಾಹಿಗೆ ಆ ತೊಂದರೆಯೇ ಇಲ್ಲ, ಕಂತು ಮುಗಿದ ಮೇಲೆ ತಾನೇ ಬದಲಿಸುವುದು. ಒಂದು ಡಿಸ್ಕು ಉಳಿಸಲು ಹೋಗಿ ಎಂಟು ಕಂತನ್ನು ಮಸುಕು ಮಾಡಿಕೊಂಡ ಮನೆಗಳು ಎಷ್ಟೋ.

ಈ ಗಡಿಸೀಮೆಯವರು ಎಲ್ಲಕ್ಕಿಂತ ಹೆಚ್ಚು ಎಚ್ಚರ ವಹಿಸಬೇಕಾದ್ದು ಧ್ವನಿಯ ವಿಷಯದಲ್ಲಿ. ಒಂದು ಡಿವಿಡಿಯಲ್ಲಿ ಒಂದೇ ಚಿತ್ರಕ್ಕೆ ಎಂಟರವರೆಗೆ ಧ್ವನಿಹಾದಿಗಳನ್ನು, 32ರವರೆಗೆ ಉಪಶೀರ್ಷಿಕೆಗಳನ್ನು ಕೂಡಿಸಬಹುದು. ಕಂತು ತೆಗೆಯುವ ಹಲವು ತಂತ್ರಾಂಶಗಳು, ಅವುಗಳ ಪಾಡಿಗೆ ಬಿಟ್ಟರೆ, ಮೊದಲನೆಯದನ್ನಷ್ಟೇ ಹಿಡಿದು ಉಳಿದದ್ದನ್ನು ಕೈಬಿಡುತ್ತವೆ. ಎರಡು ಮೂರು ಭಾಷೆ ಒಟ್ಟಿಗೆ ಬದುಕುವ ಮನೆಗೆ ಇದು ದೊಡ್ಡ ನಷ್ಟ.

ಈ ನೆಲದಲ್ಲಿ ಒಂದು ಚಿತ್ರ, ಎರಡು ಧ್ವನಿ ಎಂಬುದಕ್ಕೆ ಡಿವಿಡಿಗಿಂತ ಹಳೆಯ ಇತಿಹಾಸವಿದೆ. ಕೊಡಂಗಲ್, ತಾಂಡೂರು ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು, ಜಹೀರಾಬಾದ್, ನಾರಾಯಣಖೇಡ್ ಬೀದರ್ ಜಿಲ್ಲೆಯಲ್ಲಿ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಹೊಸದಾಗಿ ಬಿದ್ದಾಗ ಈ ಸೀಮೆ ಆಂಧ್ರಪ್ರದೇಶಕ್ಕೆ ಸೇರಿತು, ಅದರ ಸೋದರ ಊರುಗಳು ಮೈಸೂರು ರಾಜ್ಯಕ್ಕೆ. ಇಪ್ಪತ್ತು ವರ್ಷದೊಳಗೆ, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಎಟಿಎಸ್-6 ಉಪಗ್ರಹದ ಮೂಲಕ ಟಿ.ವಿ. ತೋರಿಸುವ ‘ಸೈಟ್’ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು ಅದರಲ್ಲಿದ್ದವು. ಆಂಧ್ರದ ಕಡೆಯಿಂದ ಮೇದಕ್, ಮೆಹಬೂಬ್‌ನಗರ ಮೊದಲಾದವು. ಉಪಗ್ರಹ ಒಂದು ಚಿತ್ರದೊಂದಿಗೆ ಎರಡು ಧ್ವನಿವಾಹಿನಿಗಳನ್ನು ಕಳಿಸಬಲ್ಲದಾಗಿತ್ತು. ಗೆರೆಯ ಆಚೆಯ ಹಳ್ಳಿಗಳಿಗೆ ಕನ್ನಡ, ಈಚೆಯವಕ್ಕೆ ತೆಲುಗು. ಮನೆಯಲ್ಲಿ ಕನ್ನಡ ಆಡುವವರಿಗೂ ಯಾವ ಧ್ವನಿ ಬರಬೇಕೆಂಬುದನ್ನು ರಾಜ್ಯದ ಗಡಿ ನಿರ್ಧರಿಸಿತು. ಡಿಸ್ಕಿನ ಕಾಲದಲ್ಲಿ ಆ ಆಯ್ಕೆ ರಿಮೋಟಿನ ಒಂದು ಗುಂಡಿಯಾಗಿ ನೋಡುವವರ ಕೈಗೆ ಬಂತು. ‘ಮಾಲ್ಗುಡಿ ಡೇಸ್’ನಂಥ ಸರಣಿಯೂ ಮೂಲದಲ್ಲಿ ಹಿಂದಿ ಮತ್ತು ಇಂಗ್ಲಿಷಿನಲ್ಲಿ ತಯಾರಾದದ್ದು, ಕನ್ನಡದ ಧ್ವನಿಯೊಂದಿಗೆ ಅದು ಕನ್ನಡ ವಾಹಿನಿಯಲ್ಲಿ ಬಂದದ್ದು 2020ರಲ್ಲಿ. ಡಿಸ್ಕಿನ ಮೇಲೆ ಎರಡನೆಯ ಭಾಷೆಯಿದ್ದರೆ ಅದನ್ನು ಟಿಕ್ ಮಾಡಿ ತೆಗೆಯಲೇಬೇಕು. ಒಂದು ಧ್ವನಿಹಾದಿ ತಿನ್ನುವ ಜಾಗ, ಇಪ್ಪತ್ನಾಲ್ಕು ನಿಮಿಷಕ್ಕೆ ಮೂವತ್ತು ನಲವತ್ತು ಮೆಗಾಬೈಟ್ ಮಾತ್ರ.

ಚಿತ್ರದ ಇನ್ನೊಂದು ಗುಣವನ್ನು ದೋಷವೆಂದು ತಿಳಿದು ‘ಸರಿಪಡಿಸುವ’ ಚಾಳಿಯಿದೆ. ದೂರದರ್ಶನದ ಕಾಲದ ಟೇಪುಗಳಲ್ಲಿ ಒಂದು ಫ್ರೇಮನ್ನು ಎರಡು ಸಲಕ್ಕೆ ಬಿಡಿಸುತ್ತಿದ್ದರು, ಮೊದಲು ಒಂದು ಸಾಲು ಬಿಟ್ಟು ಒಂದು, ಆಮೇಲೆ ಬಿಟ್ಟ ಸಾಲುಗಳು. ಸೆಕೆಂಡಿಗೆ 50 ಅರ್ಧಚಿತ್ರ. ಹಳೆಯ ಟಿ.ವಿ.ಗೆ ಅದು ಸಹಜ, ಕಂಪ್ಯೂಟರಿನ ಪರದೆಯಲ್ಲಿ ಓಡುವವರ ಅಂಚಿಗೆ ಬಾಚಣಿಗೆ ಹಲ್ಲಿನಂಥ ಗೆರೆ ಕಾಣುತ್ತದೆ. ಅದನ್ನು ಕಡತದಲ್ಲೇ ಅಳಿಸಲು ಹೋದರೆ ಮತ್ತೆ ಒತ್ತಬೇಕು, ಚಲನೆಯ ಅರ್ಧ ಮಾಹಿತಿಯೂ ಹೋಗಬಹುದು. ವಿಎಲ್‌ಸಿಗೂ ಟಿ.ವಿ.ಗೂ ನೋಡುವ ಹೊತ್ತಿನಲ್ಲಿ ಅದನ್ನು ನಿವಾರಿಸಲು ಬರುತ್ತದೆ. ಕಡತವನ್ನು ಇದ್ದಂತೆ ಬಿಡುವುದೇ ಸರಿ.

ಇಷ್ಟೆಲ್ಲ ತಾಪತ್ರಯ ಯಾಕೆ, ಬೇಕಾದರೆ ಮತ್ತೆ ಕೊಂಡರಾಯಿತು ಎನ್ನುವ ಕಾಲ ಮುಗಿದಿದೆ. 2007ರ ಹೊತ್ತಿಗೆ ವಿಸಿಡಿಗೆ 28, ಡಿವಿಡಿಗೆ 34 ರೂಪಾಯಿ ಎಂದು ಮಾರಿ ಮಾರುಕಟ್ಟೆಯನ್ನೇ ಅಲುಗಿಸಿದ್ದ ಮೋಸರ್ ಬೇರ್ ಕಂಪನಿಯನ್ನು ಮುಚ್ಚಿ ಆಸ್ತಿ ವಿಲೇವಾರಿ ಮಾಡಲು 2018ರಲ್ಲಿ ಆದೇಶವಾಯಿತು. ಪ್ರಸಾರ ಮಾಡಿದವರ ಬಳಿ ಮೂಲ ಇದ್ದೇ ಇರುತ್ತದೆಂಬ ನಂಬಿಕೆಯೂ ಗಟ್ಟಿಯಲ್ಲ. ಬಿಬಿಸಿಯಂಥ ಸಂಸ್ಥೆಯೇ 1960ರ ದಶಕದ ‘ಡಾಕ್ಟರ್ ಹೂ’ ಸರಣಿಯ ಟೇಪುಗಳನ್ನು ಅಳಿಸಿ ಮರುಬಳಸಿತು. 90ಕ್ಕೂ ಹೆಚ್ಚು ಕಂತುಗಳು ದಶಕಗಳ ಕಾಲ ಕಾಣೆಯಾಗಿಯೇ ಉಳಿದವು. ಅವುಗಳ ಪೈಕಿ ಒಂಬತ್ತು ಕಂತು ಸಿಕ್ಕಿದ ಸುದ್ದಿ 2013ರಲ್ಲಿ ಬಂತು; ಸಿಕ್ಕದ್ದು ಲಂಡನ್ನಿನಲ್ಲಲ್ಲ, ನೈಜೀರಿಯಾದ ಜೋಸ್ ಎಂಬ ಊರಿನಲ್ಲಿ. ಇನ್ನು ಮಠದ ಪುರಾಣ, ಊರ ದೊಡ್ಡಾಟ, ಮನೆಯ ಮದುವೆಗಳಿಗೆ ಅಂಥ ದೂರದ ಪ್ರತಿಯೂ ಇರುವುದಿಲ್ಲ. ಸ್ಟುಡಿಯೊದವರು ಬರೆದುಕೊಟ್ಟ ಆ ಒಂದು ಡಿಸ್ಕೇ ಎಲ್ಲ.

ಅದೂ ಹೆಚ್ಚು ನಾಜೂಕಿನದು. ಕಾರ್ಖಾನೆಯ ಡಿಸ್ಕಿನಲ್ಲಿ ಗುಳಿಗಳನ್ನು ಅಚ್ಚಿನಿಂದ ಒತ್ತಿರುತ್ತಾರೆ. ಸ್ಟುಡಿಯೊದಲ್ಲಿ ಬರೆದ ಡಿಸ್ಕಿನಲ್ಲಿರುವುದು ಬಣ್ಣದ ತೆಳುಪದರ, ಲೇಸರ್ ಅದನ್ನು ಸುಟ್ಟು ಗುರುತು ಮಾಡಿರುತ್ತದೆ. ಬಿಸಿಲು, ಸೆಕೆ, ತೇವಕ್ಕೆ ಆ ಬಣ್ಣ ಮಾಸುತ್ತದೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ತಗಡಿನ ಮನೆಯ ಅಟ್ಟ ಅದಕ್ಕೆ ತಕ್ಕ ಜಾಗವಲ್ಲ. ಆದ್ದರಿಂದ ಕಟ್ಟಿನಲ್ಲಿ ಮೊದಲು ಇಳಿಸಿಕೊಳ್ಳಬೇಕಾದ್ದು ‘ರಾಮಾಯಣ’ವನ್ನಲ್ಲ, ಮನೆಯ ಮತ್ತು ಊರಿನ ಡಿಸ್ಕುಗಳನ್ನು. ಗೀರುಬಿದ್ದದ್ದನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಸುತ್ತಲೂ ತಿರುಗಿಸಿ ಒರೆಸಿದರೆ ಹೊಸ ಗೀರು ಹಾದಿಯುದ್ದಕ್ಕೂ ಬಿದ್ದು ಒಂದೇ ಕಡೆ ಸಾಲಾಗಿ ಮಾಹಿತಿ ಕೆಡುತ್ತದೆ. ಆದರೂ ಓದದಿದ್ದರೆ ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನವಿದೆ. ಓದಲು ಬಂದದ್ದನ್ನೆಲ್ಲ ಮೊದಲು ಎತ್ತಿಕೊಂಡು, ಬಾರದ ಜಾಗಗಳ ಪಟ್ಟಿ ಬರೆದಿಟ್ಟು, ಅಲ್ಲಿಗಷ್ಟೇ ಮತ್ತೆ ಮತ್ತೆ ಹೋಗುತ್ತದೆ. ಒಂದು ಡ್ರೈವಿಗೆ ಓದಲಾಗದ್ದು ಇನ್ನೊಂದಕ್ಕೆ ಓದಲು ಬರುವುದುಂಟು. ಪಟ್ಟಿ ಇರುವುದರಿಂದ ನೆರೆಮನೆಯ ಡ್ರೈವ್ ತಂದು ಬಿಟ್ಟಲ್ಲಿಂದಲೇ ಮುಂದುವರಿಸಬಹುದು.

ಕಾನೂನಿನ ಮಾತು. ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಖಾಸಗಿ, ವೈಯಕ್ತಿಕ ಬಳಕೆಗೆ ನ್ಯಾಯಯುತವಾಗಿ ವ್ಯವಹರಿಸಲು ಅವಕಾಶ ಕೊಡುತ್ತದೆ. 2012ರ ತಿದ್ದುಪಡಿಯಲ್ಲಿ ಬಂದ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ನಕಲು ತಡೆಯಲು ಡಿಸ್ಕಿಗೆ ಹಾಕಿದ ಬೀಗ ಮುರಿಯುವುದನ್ನು ಎರಡು ವರ್ಷದವರೆಗೆ ಜೈಲು ಮತ್ತು ದಂಡ ವಿಧಿಸಬಹುದಾದ ಅಪರಾಧವೆನ್ನುತ್ತದೆ. ಕೊಂಡ ಡಿಸ್ಕಿನ ಪ್ರತಿ ಮನೆಯೊಳಗೆ ಇರುವುದು ಒಂದು. ಅದನ್ನು ಪೆನ್‌ಡ್ರೈವಿನಲ್ಲಿ ತುಂಬಿ ಸಂತೆಯಲ್ಲಿ ಮಾರುವುದು, ಅಂತರ್ಜಾಲಕ್ಕೆ ಏರಿಸುವುದು ಬೇರೆ. ಎರಡನೆಯದನ್ನು ಮಾಡಕೂಡದು. ದೊಡ್ಡಾಟ, ಪ್ರವಚನಗಳಲ್ಲೂ ಕಲಾವಿದರಿಗೆ, ಹೇಳಿದವರಿಗೆ ಹಕ್ಕುಗಳಿವೆ, ಹಂಚುವ ಮೊದಲು ಅವರನ್ನು ಕೇಳುವುದು ಮರ್ಯಾದೆಯೂ ಹೌದು.

ಇಡುವ ಜಾಗದ ಲೆಕ್ಕ ಈಗ ಹೆದರಿಸುವಂಥದ್ದಲ್ಲ. ‘ಮಾಲ್ಗುಡಿ ಡೇಸ್’ನಲ್ಲಿ ಶಂಕರ್‌ನಾಗ್ ಅವರ 39 ಕಂತು, 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶಿಸಿದ 15 ಸೇರಿ 54, ಕಂತಿಗೆ ಒಂದು ಗಿಗಾಬೈಟ್ ಹಿಡಿದರೂ ಐವತ್ತನಾಲ್ಕು. ಒಂದು ಟೆರಾಬೈಟ್ ಹಾರ್ಡ್‌ಡಿಸ್ಕಿನ ಹದಿನೆಂಟನೇ ಒಂದು ಪಾಲು ಅದು. ಪೆನ್‌ಡ್ರೈವನ್ನು ನೋಡಲು ಬಳಸಬಹುದು, ಕಾಪಿಡಲು ನೆಚ್ಚಬಾರದು. ಹಳೆಯ ಎಫ್‌ಎಟಿ32 ಪದ್ಧತಿಯ ಪೆನ್‌ಡ್ರೈವಿಗೆ 4 ಗಿಗಾಬೈಟ್ ದಾಟಿದ ಒಂದೇ ಕಡತ ಹೋಗುವುದೂ ಇಲ್ಲ. ಐಎಸ್‌ಒ ಹಾಕಬೇಕಿದ್ದರೆ ಎಕ್ಸ್‌ಫ್ಯಾಟ್‌ಗೆ ಬದಲಿಸಿಕೊಳ್ಳಬೇಕು. ಕೆಲವು ಟಿ.ವಿ.ಗಳು ಎಂಕೆವಿ ತೋರಿಸಲು ಒಲ್ಲೆ ಎನ್ನುತ್ತವೆ. ಆಗಲೂ ಎಂಪಿ4ಗೆ ಓಡಬೇಕಾಗಿಲ್ಲ. ಅದೇ ಎಂಪೆಗ್-2 ಚಿತ್ರವನ್ನು, ಅದೇ ಧ್ವನಿಯನ್ನು ಎಂಪಿಜಿ ಎಂಬ ಇನ್ನೊಂದು ಹೊದಿಕೆಗೆ ಬದಲಿಸಿದರೆ ಸಾಕು, ನಿಮಿಷದ ಕೆಲಸ. ಐಎಸ್‌ಒ ಮತ್ತು ಬಿಡಿಸಿದ ಕಂತು ಎರಡನ್ನೂ ಎರಡು ಹಾರ್ಡ್‌ಡಿಸ್ಕುಗಳಲ್ಲಿ ಇಟ್ಟು, ಒಂದನ್ನು ಬೀದರಿನಲ್ಲೋ ಕಲಬುರಗಿಯಲ್ಲೋ ಹೈದರಾಬಾದಿನಲ್ಲೋ ಇರುವ ನೆಂಟರ ಮನೆಗೆ ಕೊಟ್ಟಿರಬೇಕು. ಕಡತದ ಹೆಸರಿನಲ್ಲಿ ಸರಣಿ, ಡಿಸ್ಕಿನ ಸಂಖ್ಯೆ, ಕಂತಿನ ಸಂಖ್ಯೆ, ಒಳಗಿರುವ ಭಾಷೆಗಳು ಈ ನಾಲ್ಕೂ ಇರಲಿ. ಊರಿನ ಆಟವಾಗಿದ್ದರೆ ಆಡಿದ ಊರು, ವರ್ಷ, ಭಾಗವತರ ಹೆಸರನ್ನು ಒಂದು ಪುಟ್ಟ ಪಠ್ಯ ಕಡತದಲ್ಲಿ ಬರೆದು ಜತೆಗಿಡಬೇಕು; ಅದನ್ನು ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಕೇಳಿ ಬರೆದುಕೊಳ್ಳುವುದು, ಡಿಸ್ಕು ಓದಿಸುವ ಕೆಲಸಕ್ಕಿಂತಲೂ ಮೊದಲು ಆಗಬೇಕು.